ಕರುವಿನ ಪಾಲು ಕಳೆದು ಉಳಿದ ಹಾಲು

ಆಹಾರಶುದ್ಧಿಯ ಮಾತು ಬಂದಾಗ ಶ್ರಾವಕರ ಮನೆಗಳಲ್ಲಿ ಮೊದಲು ನೆನಪಾಗುವುದು ಗೆಡ್ಡೆಗೆಣಸು, ಜೇನುತುಪ್ಪ, ಸೋಸದ ನೀರು ಮತ್ತು ರಾತ್ರಿಭೋಜನಗಳ ತ್ಯಾಗ. ಹಾಲಿನ ಕುರಿತು ಪ್ರಶ್ನೆ ಏಳುವುದು ಅಪರೂಪ. ಹಾಲು ಜಿನಾಭಿಷೇಕದ ದ್ರವ್ಯಗಳಲ್ಲೊಂದು. ಮುನಿಗಳ ಆಹಾರದಲ್ಲಿಯೂ ಅದಕ್ಕೆ ಸ್ಥಾನವಿದೆ. ಆದುದರಿಂದ ಅದು ಸಹಜವಾಗಿಯೇ ಶುದ್ಧವೆಂದು ನಂಬಿ ನಡೆದವರು ಹೆಚ್ಚು. ಮನೆಯ ಹಟ್ಟಿಯಲ್ಲಿ ಹಸುವಿದ್ದ ಕಾಲದಲ್ಲಿ ಆ ನಂಬಿಕೆಗೆ ಆಧಾರವೂ ಇತ್ತು. ಕರು ಎಷ್ಟು ಕುಡಿಯಿತು, ಮುದಿ ಹಸುವಿಗೆ ಬೈಹುಲ್ಲು ಹಾಕಿದರೇ ಇಲ್ಲವೇ ಎಂಬುದು ಮನೆಮಂದಿಗೆಲ್ಲ ಕಾಣುತ್ತಿತ್ತು.

ಇಂದು ಹಾಲು ಮನೆಯೊಳಗೆ ಬರುತ್ತದೆ, ಹಟ್ಟಿ ಮಾತ್ರ ಕಾಣುವುದಿಲ್ಲ. ಕುಂದಾಪುರ ತಾಲೂಕಿನಲ್ಲಿ ಘಟ್ಟದ ತಪ್ಪಲಿನ ಕಡೆಗಿರುವ ಕೆರಾಡಿಯಂಥ ಊರಿನಲ್ಲಿಯೂ ಗೃಹಿಣಿಯ ಮುಂದೆ ಹಲವು ಬಗೆಯ ಹಾಲುಗಳಿವೆ. ನೆರೆಮನೆಯ ಹಟ್ಟಿಯಿಂದ ತಂಬಿಗೆಯಲ್ಲಿ ತರುವ ಹಾಲು ಒಂದು. ಹಳ್ಳಿಯ ಸೊಸೈಟಿಗಳಿಂದ ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಹೋಗಿ, ನಂದಿನಿ ಪ್ಯಾಕೆಟ್ಟಾಗಿ ಮರಳುವುದು ಇನ್ನೊಂದು. ತಿಂಗಳುಗಟ್ಟಲೆ ಕೆಡದಿರುವ ಟೆಟ್ರಾಪ್ಯಾಕ್ ಹಾಲು, ‘ಎ2’ ಎಂದು ಬರೆದ ದುಬಾರಿ ಬಾಟಲಿ, ಸೋಯಾ ಮತ್ತು ಬಾದಾಮಿಯ ಪೇಯಗಳು ಪೇಟೆಯಲ್ಲಿ ದೊರೆಯುತ್ತವೆ. ಇವುಗಳಲ್ಲಿ ಯಾವುದನ್ನು ತರಬೇಕು? ಆರೋಗ್ಯ ಬಲ್ಲವರು ಕೊಬ್ಬಿನ ಪ್ರಮಾಣ ನೋಡಿ ಎನ್ನುತ್ತಾರೆ. ಮನೆಖರ್ಚಿನ ಲೆಕ್ಕ ಬರೆಯುವವರು ಬೆಲೆ ನೋಡಿ ಎನ್ನುತ್ತಾರೆ. ಜೈನ ಗೃಹಸ್ಥನು ಇವೆರಡನ್ನೂ ನೋಡತಕ್ಕದ್ದೇ. ಅದಕ್ಕೂ ಮೊದಲು ಅವನು ಕರುವನ್ನು ನೋಡಬೇಕು.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ತನ್ನ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಪ್ರಾಣಿಯನ್ನು ಅಲುಗಾಡದಂತೆ ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಶಕ್ತಿಮೀರಿ ಹೊರೆ ಹೇರುವುದು ಮತ್ತು ಅನ್ನಪಾನಗಳನ್ನು ತಡೆಯುವುದು. ಇವುಗಳಲ್ಲಿ ಕೊಲೆಯ ಮಾತಿಲ್ಲ. ಕೊಂದರೆ ವ್ರತವೇ ಮುರಿಯಿತು. ಕೊಲ್ಲದೆಯೂ ವ್ರತ ಹೇಗೆ ಮಲಿನವಾಗುವುದೆಂಬುದನ್ನು ಆಚಾರ್ಯರು ಇಲ್ಲಿ ತೋರಿಸಿದ್ದಾರೆ. ಐದೂ ದೋಷಗಳು ಹಟ್ಟಿಯೊಳಗೇ ನಡೆಯಬಹುದಾದವು. ಕೊನೆಯದಾದ ಅನ್ನಪಾನ ನಿರೋಧವಂತೂ ಹಾಲಿನ ಲೋಟಕ್ಕೇ ನೇರವಾಗಿ ಸಂಬಂಧಿಸಿದ್ದು.

ಎಳೆಗರುವಿಗೆ ದಿನಕ್ಕೆ ತನ್ನ ಮೈತೂಕದ ಹತ್ತನೆಯ ಒಂದು ಪಾಲಿನಷ್ಟು ಹಾಲು ಬೇಕೆಂದು ಪಶುವೈದ್ಯರು ಹೇಳುತ್ತಾರೆ. 25 ಕಿಲೋ ತೂಗುವ ಮಿಶ್ರತಳಿಯ ಕರುವಿಗೆ ಅದು ಎರಡೂವರೆ ಲೀಟರ್ ಆಯಿತು. ಹೆಣ್ಣು ಕರುವಾದರೆ ನಾಳೆಯ ಹಸುವೆಂಬ ಆಸೆಯಿಂದ ಅದನ್ನು ಸಾಕುತ್ತಾರೆ. ಗಂಡು ಕರುವಿಗೆ ಆ ಭಾಗ್ಯವಿಲ್ಲ. ಉಳುಮೆಗೆ ಟಿಲ್ಲರ್ ಬಂದ ಮೇಲೆ ಎತ್ತಿನ ಅಗತ್ಯ ಕಡಿಮೆಯಾಯಿತು. ಗಂಡು ಕರು ಕುಡಿದದ್ದೆಲ್ಲ ನಷ್ಟವೆಂಬ ಲೆಕ್ಕ ಹುಟ್ಟಿದಾಗ ಅದನ್ನು ಕೆಚ್ಚಲಿನಿಂದ ಬೇಗನೆ ಎಳೆದು ಕಟ್ಟುವ ರೂಢಿ ಬರುತ್ತದೆ. ಅದನ್ನು ಯಾರೂ ಕೊಲ್ಲುವುದಿಲ್ಲ. ಅದು ದಿನದಿಂದ ದಿನಕ್ಕೆ ಬಡವಾಗಿ ಒಂದು ದಿನ ಏಳುವುದಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾಯಿದೆ ಗೋಹತ್ಯೆಯನ್ನು ನಿಷೇಧಿಸಿದೆ. ಕಾಯಿದೆಯು ಕತ್ತಿಯನ್ನು ತಡೆಯಬಲ್ಲದು, ಕರುವಿನ ಬಾಯಿಗೆ ಹಾಲು ಬಿಡಲಾರದು. ಅದು ಹಾಲು ಕರೆಯುವವನ ಮತ್ತು ಕೊಳ್ಳುವವನ ಧರ್ಮ.

ಕೊಳ್ಳುವವನಿಗೆ ಇದರಲ್ಲಿ ಏನು ಪಾಲು ಎಂದು ಕೇಳಬಹುದು. ಜೈನ ಧರ್ಮ ಕರ್ಮವನ್ನು ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಎಣಿಸುತ್ತದೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಪ್ಯಾಕೆಟ್ ಕೊಳ್ಳುವವನು ಕರುವನ್ನು ಕಟ್ಟಿಲ್ಲ, ಕಟ್ಟೆಂದು ಹೇಳಿಯೂ ಇಲ್ಲ. ಆದರೆ ಅಗ್ಗದ ಹಾಲು ಹೇಗೆ ಅಗ್ಗವಾಯಿತೆಂದು ಎಂದೂ ವಿಚಾರಿಸದೆ ಇರುವುದು ಅನುಮೋದನದ ಸಮೀಪಕ್ಕೆ ಬರುತ್ತದೆ.

ಹಿರಿಯರು ಹಾಕಿಕೊಟ್ಟ ಕಟ್ಟುಪಾಡುಗಳನ್ನು ಈ ಬೆಳಕಿನಲ್ಲಿ ಮತ್ತೆ ನೋಡಬೇಕು. ಕರು ಹಾಕಿದ ಮೇಲೆ ಹಸುವಿನ ಹಾಲನ್ನು ಹತ್ತು ದಿನ, ಎಮ್ಮೆಯ ಹಾಲನ್ನು ಹದಿನೈದು ದಿನ ಬಳಸಬಾರದೆಂಬುದು ದಿಗಂಬರ ಶ್ರಾವಕರ ರೂಢಿ. ಇದನ್ನು ಸೂತಕದ ನಿಯಮವೆಂದು ಪಾಲಿಸಿಕೊಂಡು ಬಂದಿದ್ದಾರೆ. ಅದರ ಫಲ ಮಾತ್ರ ಕರುವಿಗೆ ಸಲ್ಲುತ್ತದೆ. ಹುಟ್ಟಿದ ಮೊದಲ ಗಂಟೆಗಳಲ್ಲಿ ಕುಡಿಯುವ ಗಿಣ್ಣು ಹಾಲೇ ಕರುವಿಗೆ ರೋಗನಿರೋಧಕ ಶಕ್ತಿ ಕೊಡುವಂಥದು. ಗಿಣ್ಣಿನ ಸಿಹಿಗಾಗಿ ನೆರೆಮನೆಗೆ ಪಾತ್ರೆ ಕಳುಹಿಸುವವರು ಇದನ್ನು ನೆನೆಯಬೇಕು. ಕರೆದ ಹಾಲನ್ನು ಸೋಸಿ 48 ನಿಮಿಷಗಳೊಳಗೆ ಕಾಯಿಸಬೇಕೆಂಬುದು ಇನ್ನೊಂದು ನಿಯಮ. ಸೂಕ್ಷ್ಮಜೀವಿಗಳು ಹುಟ್ಟಿ ಸಾಯುವುದನ್ನು ತಪ್ಪಿಸುವುದು ಅದರ ಉದ್ದೇಶ. ಸೊಸೈಟಿಯಿಂದ ಡೈರಿಗೆ ಹೋಗಿ ಬರುವ ಹಾಲು ಈ ಕಾಲಮಿತಿಗೆ ಒಳಪಡುವುದಿಲ್ಲ. ಮುನಿಗಳಿಗೆ ಆಹಾರದಾನ ಮಾಡುವ ಮನೆಯವರು ಹತ್ತಿರದ ಹಟ್ಟಿಯನ್ನು ಹುಡುಕಿಕೊಂಡು ಹೋಗುವುದು ಇದಕ್ಕಾಗಿಯೇ.

ಹಾಗಾದರೆ ಹಾಲನ್ನೇ ಬಿಟ್ಟರಾಗದೇ ಎಂದು ಈಚೆಗೆ ಅನೇಕ ಜೈನ ತರುಣರು ಕೇಳುತ್ತಿದ್ದಾರೆ. ಅವರ ಪ್ರಶ್ನೆಯನ್ನು ಹಿರಿಯರು ನಕ್ಕು ತಳ್ಳಬಾರದು. ಹಾಲು, ಮೊಸರು, ತುಪ್ಪಗಳನ್ನು ಬಿಡುವ ರಸಪರಿತ್ಯಾಗವು ಬಾಹ್ಯ ತಪಗಳಲ್ಲೊಂದೆಂದು ನಮ್ಮ ಶಾಸ್ತ್ರಗಳೇ ಹೇಳಿವೆ. ಬಿಡಬಲ್ಲವರು ಬಿಡಲಿ. ಆದರೆ ಮೊಟ್ಟೆ, ಮಾಂಸ ಮುಟ್ಟದ ಮನೆಗೆ ಬಿ12 ಜೀವಸತ್ವದ ಮುಖ್ಯ ಆಧಾರ ಹಾಲೇ. ಬೆಳೆಯುವ ಮಕ್ಕಳು ಮತ್ತು ಬಸುರಿಯರ ವಿಷಯದಲ್ಲಿ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸುವುದು ವಿವೇಕವಲ್ಲ. ಸೋಯಾ ಹಾಲಿನ ಪ್ರೋಟೀನು ಹಸುವಿನ ಹಾಲಿಗೆ ಹತ್ತಿರ; ಬಾದಾಮಿಯದರಲ್ಲಿ ಬಹಳ ಕಡಿಮೆ. ಬಿ12 ಎರಡರಲ್ಲಿಯೂ ಸಹಜವಾಗಿ ಇಲ್ಲ, ಬೇರೆಯಾಗಿ ಸೇರಿಸಬೇಕು. ಕರಾವಳಿಯ ಅಡುಗೆಮನೆಗೆ ಕಾಯಿಹಾಲು ಹೊಸದಲ್ಲ. ಪಾಯಸಕ್ಕೂ ಹಾಲುಬಾಯಿಗೂ ಅದೇ ಸಾಕು. ಅಲ್ಲಿ ಹಸುವಿನ ಹಾಲನ್ನು ಉಳಿಸಬಹುದು. ಮಗುವಿನ ಲೋಟಕ್ಕೆ ಮಾತ್ರ ಅದು ಬದಲಿಯಾಗದು.

ಗೃಹಸ್ಥನದು ಅಣುವ್ರತ. ಸಂಕಲ್ಪಿ ಹಿಂಸೆಯನ್ನು ಅವನು ಪೂರ್ತಿಯಾಗಿ ಬಿಡಬೇಕು. ಅಡುಗೆ, ಕೃಷಿ, ಉದ್ಯೋಗಗಳಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಕಡಿಮೆ ಮಾಡುತ್ತ ಹೋಗಬೇಕು. ಹಸುವನ್ನು ಸಾಕಿ, ಕರು ಕುಡಿದುಳಿದ ಹಾಲನ್ನು ಪಡೆಯುವುದು ಎರಡನೆಯ ಬಗೆಯದು. ಗಂಡೆಂಬ ಕಾರಣಕ್ಕೆ ಕರುವನ್ನು ಬೇಕೆಂದೇ ಹಸಿವಿನಲ್ಲಿ ಕೆಡಹುವುದು ಮೊದಲನೆಯದು. ಹಾಲುಗಳ ನಡುವೆ ಆಯ್ಕೆ ಮಾಡುವವನು ಈ ಗೆರೆಯನ್ನು ಮರೆಯಬಾರದು.

ಈ ದೃಷ್ಟಿಯಲ್ಲಿ ನೋಡಿದರೆ ಅಂಗಡಿಯ ಅನೇಕ ಭೇದಗಳು ಚಿಕ್ಕವಾಗುತ್ತವೆ. ಟೋನ್ಡ್ ಹಾಲಿನಲ್ಲಿ 3%, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5%, ಪೂರ್ಣ ಕೆನೆಯ ಹಾಲಿನಲ್ಲಿ 6% ಕೊಬ್ಬು ಇರಬೇಕೆಂಬುದು ಸರ್ಕಾರದ ಮಾನದಂಡ. ಮನೆಯವರ ವಯಸ್ಸು, ಆರೋಗ್ಯ ನೋಡಿ ಅದನ್ನು ತೀರ್ಮಾನಿಸಿದರಾಯಿತು. ‘ಎ2’ ಎಂಬುದು ಹಾಲಿನ ಒಂದು ಪ್ರೋಟೀನಿನ ಬಗೆಗಿನ ಮಾತು. ಆ ಹೆಸರನ್ನು ಪ್ಯಾಕೆಟ್ಟುಗಳಿಂದ ತೆಗೆಯುವಂತೆ ರಾಷ್ಟ್ರೀಯ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಆಗಸ್ಟಿನಲ್ಲಿ ಆದೇಶಿಸಿ, ಕೆಲವೇ ದಿನಗಳಲ್ಲಿ ಹಿಂದೆ ಪಡೆಯಿತು. ನಾಡಹಸುವಿನ ನಿಜವಾದ ಹಿರಿಮೆ ಬೇರೆಡೆ ಇದೆ. ಮಲೆನಾಡು ಗಿಡ್ಡದಂಥ ಹಸು ಸಾಮಾನ್ಯವಾಗಿ ಕರು ಬಳಿಯಿಲ್ಲದೆ ಸೊರೆಬಿಡುವುದಿಲ್ಲ. ಅದರ ಹಾಲು ಬೇಕಾದವರು ಕರುವನ್ನು ಬದುಕಿಸಲೇಬೇಕು.

ಆದುದರಿಂದ ಶ್ರಾವಕರ ಆಯ್ಕೆಯ ಕ್ರಮ ಹೀಗಿರಬಹುದು. ಹತ್ತಿರದಲ್ಲಿ ಹಟ್ಟಿ ಇರುವಲ್ಲಿ ಅದರ ಹಾಲು ಮೊದಲು. ಅಲ್ಲಿ ಕರುವಿಗೆ ಪಾಲು ಸಿಗುತ್ತಿದೆಯೆಂಬುದನ್ನು ಕಣ್ಣಾರೆ ಕಂಡಿರಬೇಕು. ಅಂಥ ಹಾಲಿಗೆ ಡೈರಿಯ ದರಕ್ಕಿಂತ ನಾಲ್ಕು ರೂಪಾಯಿ ಹೆಚ್ಚು ಕೊಡಬೇಕು. ಹಿಂಡಿಯ ಬೆಲೆ ಏರಿದಾಗ ಬತ್ತಿದ ಹಸುವನ್ನೂ ಗಂಡು ಕರುವನ್ನೂ ಇಟ್ಟುಕೊಳ್ಳುವ ಶಕ್ತಿ ರೈತನಿಗೆ ಬರುವುದು ಆ ಹೆಚ್ಚುವರಿ ಹಣದಿಂದ. ಅಗ್ಗದ ಹಾಲು ಕೇಳುತ್ತ ದಯೆಯ ಉಪದೇಶ ಮಾಡುವುದು ಸಲ್ಲದು. ಹಟ್ಟಿ ದೊರೆಯದ ಪೇಟೆಯವರಿಗೆ ಸಹಕಾರಿ ಒಕ್ಕೂಟದ ಪ್ಯಾಕೆಟ್ ಹಾಲು ಎರಡನೆಯದು. ಅದು ಊರೂರಿನ ಸಣ್ಣ ಹಟ್ಟಿಗಳಿಂದ ಕೂಡಿಬಂದದ್ದು, ಆದರೆ ಕರುವಿನ ಮುಖ ಅಲ್ಲಿ ಕಾಣದು. ಕಾಣದಿರುವುದರಿಂದ ಅದನ್ನು ಮಿತವಾಗಿ ಬಳಸಬೇಕು. ಹಾಲು ಒಗ್ಗದವರಿಗೂ ಮನಸ್ಸು ಒಪ್ಪದವರಿಗೂ ಸೋಯಾ ಮುಂತಾದವು ಇವೆ.

ಮಿತಿಯೇ ಇಲ್ಲಿ ಮುಖ್ಯ. ಭೋಗೋಪಭೋಗ ಪರಿಮಾಣ ವ್ರತವು ಹಾಲಿಗೂ ಅನ್ವಯಿಸುತ್ತದೆ. ಶ್ರವಣಬೆಳಗೊಳದಲ್ಲಿ ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ಮೈಯನ್ನು ಪೂರ್ತಿ ತೋಯಿಸಲಾರದೆ ಹೋದಾಗ, ಗುಳ್ಳಕಾಯಿಯಲ್ಲಿ ಅಜ್ಜಿಯೊಬ್ಬಳು ತಂದ ತುಸು ಹಾಲು ಅಡಿಯವರೆಗೆ ಹರಿಯಿತೆಂಬ ಐತಿಹ್ಯವನ್ನು ಎಲ್ಲ ಮಕ್ಕಳೂ ಕೇಳಿದ್ದಾರೆ. ಭಗವಂತನ ಅಭಿಷೇಕಕ್ಕೇ ಅಷ್ಟು ಸಾಕಾದರೆ ಮನೆಯ ಕಾಫಿಗೆ ಎಷ್ಟು ಬೇಕು? ದಿನಕ್ಕೆ ಎರಡು ಲೀಟರ್ ತರುವ ಮನೆ ಒಂದೂವರೆಗೆ ಇಳಿದರೆ ಯಾರ ಆರೋಗ್ಯವೂ ಕೆಡದು. ಬರುವ ಅಷ್ಟಮಿಯಿಂದ ಒಂದೊಂದು ಮನೆಯೂ ಅರ್ಧ ಲೀಟರ್ ಕಡಿಮೆ ಮಾಡಿ, ಆ ಹಣವನ್ನು ತನ್ನೂರಿನ ಒಂದು ಗಂಡು ಕರುವಿನ ಮೇವಿಗೆ ಕೊಡಲಿ. ಜೀವದಯೆ ಎಂಬ ಮಾತು ಆಗ ಹಟ್ಟಿಯವರೆಗೂ ತಲುಪೀತು.