ಆನೆಕಾಲಿನ ಊತ ಅಳೆಯಲು ಸ್ಕ್ಯಾನರ್ ಬೇಕೆ?

ಬೀದರ್, ಕಲಬುರಗಿ, ಯಾದಗಿರಿಗಳಿಗೂ ನಮ್ಮ ಕರಾವಳಿಗೂ ಆನೆಕಾಲು ರೋಗ ಹೊಸದಲ್ಲ. 2018ರ ಕೊನೆಗೆ ದೇಶದಲ್ಲಿ ಮೂರು ಔಷಧಗಳನ್ನು ಒಟ್ಟಿಗೆ ನುಂಗಿಸುವ ಕಾರ್ಯಕ್ರಮ ಶುರುವಾದಾಗ ಮೊದಲಿಗೆ ಆಯ್ದ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. 2027ರೊಳಗೆ ರೋಗವನ್ನು ತೊಲಗಿಸುವುದು ಕೇಂದ್ರ ಸರ್ಕಾರದ ಗುರಿ. ಆದರೆ ಮಾತ್ರೆ ತಡೆಯುವುದು ಸೋಂಕು ಹರಡುವುದನ್ನು. ಆಗಲೇ ಊದಿಕೊಂಡ ಕಾಲು ಅದರಿಂದ ಇಳಿಯುವುದಿಲ್ಲ. ಆ ಕಾಲನ್ನು ಅಳೆಯಲು ಈಗ ಟ್ಯಾಬ್ಲೆಟ್‌ಗೆ ಸಿಕ್ಕಿಸುವ ಸ್ಕ್ಯಾನರ್ ಬಂದಿದೆ. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಕಾಲಿನ ಮೇಲೆ ಬೀರಿ, ಮರಳಿ ಬಂದ ಬೆಳಕಿನಿಂದ ದೂರವನ್ನು ಲೆಕ್ಕಹಾಕುತ್ತದೆ. ಹಿಡಿದವರು ಕಾಲಿನ ಸುತ್ತ ಒಂದು ಸುತ್ತು ಬಂದರೆ ಸಾಕು, ಕಾಲಿನ ಆಕಾರ ಪರದೆಯ ಮೇಲೆ ಮೂಡುತ್ತದೆ, ಗಾತ್ರ ಲೀಟರ್‌ಗಳಲ್ಲಿ ಸಿಗುತ್ತದೆ. ಇದನ್ನು ನಮ್ಮ ಆರೋಗ್ಯ ಕೇಂದ್ರಗಳಿಗೆ ಕೊಡಿಸಬೇಕೆ?

ಪರ

ದರ್ಜಿ ಟೇಪಿನ ಕಷ್ಟ ಅದನ್ನು ಹಿಡಿದವರಿಗೇ ಗೊತ್ತು. ಹರಡಿನಿಂದ ಮೇಲಕ್ಕೆ ನಾಲ್ಕು ನಾಲ್ಕು ಸೆಂಟಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಹಾಕಬೇಕು, ಪ್ರತಿ ಗುರುತಿನಲ್ಲೂ ಸುತ್ತಳತೆ ಬರೆದುಕೊಳ್ಳಬೇಕು, ಒಂದೊಂದು ತುಂಡನ್ನೂ ತುದಿ ಕತ್ತರಿಸಿದ ಶಂಕುವೆಂದು ಭಾವಿಸಿ ಲೆಕ್ಕಮಾಡಿ ಕೂಡಿಸಬೇಕು. ಒಬ್ಬರು ಟೇಪನ್ನು ಬಿಗಿಯಾಗಿ ಎಳೆಯುತ್ತಾರೆ, ಇನ್ನೊಬ್ಬರು ಸಡಿಲ ಬಿಡುತ್ತಾರೆ. 50 ಸೆಂ.ಮೀ. ಸುತ್ತಳತೆಯಲ್ಲಿ ಅರ್ಧ ಸೆಂಟಿಮೀಟರ್ ತಪ್ಪು ದೊಡ್ಡದೇನೂ ಅನ್ನಿಸುವುದಿಲ್ಲ. ಆದರೆ ಗಾತ್ರದ ಲೆಕ್ಕದಲ್ಲಿ ಸುತ್ತಳತೆ ವರ್ಗವಾಗುತ್ತದೆ, ಹಾಗಾಗಿ ಶೇ 1ರ ತಪ್ಪು ಶೇ 2 ಆಗುತ್ತದೆ. ಕಾಲಿನ ಉದ್ದಕ್ಕೂ ಹೀಗೇ ತಪ್ಪಿದರೆ ಎಂಟು ಲೀಟರಿನ ಕಾಲಿನಲ್ಲಿ 160 ಮಿ.ಲೀ. ಹೆಚ್ಚುಕಡಿಮೆ. ಊತ ನಿಜವಾಗಿ ಇಳಿಯಿತೋ ಅಳೆದವರ ಕೈ ಬದಲಾಯಿತೋ ಹೇಳುವವರು ಯಾರು?

ನೀರಿನ ವಿಧಾನ ಆರ್ಕಿಮಿಡೀಸನಷ್ಟೇ ಹಳೆಯದು: ತುಂಬಿದ ತೊಟ್ಟಿಗೆ ಕಾಲಿಳಿಸಿ, ಚೆಲ್ಲಿದ ನೀರನ್ನು ಅಳೆಯುವುದು. ಕಾಗದದ ಮೇಲೆ ಚೆಂದ. ಕಾಲ್ಬೆರಳ ಸಂದಿನಲ್ಲಿ ಹುಣ್ಣಿರುವವರು ಒಬ್ಬರ ಹಿಂದೊಬ್ಬರು ಒಂದೇ ತೊಟ್ಟಿಗೆ ಕಾಲಿಡುವಂತಿಲ್ಲ, ಪ್ರತಿ ಸಲ ನೀರು ಬದಲಿಸಬೇಕು. ಯಾದಗಿರಿಯ ಏಪ್ರಿಲ್‌ನಲ್ಲಿ ಆ ನೀರನ್ನು ಎಲ್ಲಿಂದ ತರುವುದು?

ಸ್ಕ್ಯಾನರ್‌ಗೆ ಈ ತಾಪತ್ರಯಗಳಿಲ್ಲ. ಚರ್ಮ ಮುಟ್ಟುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಶ್ರೀಲಂಕಾದ ಗಾಲೆಯಲ್ಲಿ ಆನೆಕಾಲು ರೋಗಿಗಳ ಮೇಲೇ ಇದನ್ನು ಟೇಪು ಮತ್ತು ನೀರಿನ ಅಳತೆಗಳ ಜೊತೆ ಹೋಲಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅಳತೆಗಳು ಚೆನ್ನಾಗಿ ತಾಳೆಯಾದವು, ಹೊತ್ತೂ ಉಳಿಯಿತು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ದಿನವೂ ಕಾಲು ತೊಳೆದು, ಒರೆಸಿ, ಮುಲಾಮು ಹಚ್ಚಿ, ಪಟ್ಟಿ ಸುತ್ತುವ ಹೆಂಗಸಿಗೆ ಮೂರು ತಿಂಗಳಾದರೂ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಬೇಸತ್ತು ಬಿಟ್ಟುಬಿಡುತ್ತಾಳೆ. ‘ನೋಡಮ್ಮಾ, ಕಾಲು ಲೋಟದಷ್ಟು ಇಳಿದಿದೆ’ ಎಂದು ಪರದೆಯ ಮೇಲೆ ತೋರಿಸಿದರೆ ನಾಲ್ಕನೆಯ ತಿಂಗಳೂ ತೊಳೆಯುತ್ತಾಳೆ.

ವಿರೋಧ

ಆ ತಾಯಿಯ ಮಾತಿನಿಂದಲೇ ಶುರುಮಾಡೋಣ. ಬೆಳಿಗ್ಗೆ ಎದ್ದಾಗಿನ ಕಾಲು ಸಂಜೆ ಗದ್ದೆಯಿಂದ ಬಂದಾಗ ಇರುವುದಿಲ್ಲ. ಮೊದಲ ಸಲ ಹನ್ನೊಂದಕ್ಕೆ, ಮುಂದಿನ ಸಲ ನಾಲ್ಕಕ್ಕೆ ಅಳೆದರೆ ಯಂತ್ರದ ನಿಖರತೆಯೆಲ್ಲ ನೀರಪಾಲು. ಇಳಿದಿದೆ ಎಂದು ತೋರಿಸಬೇಕಾದ ಪರದೆ ಏರಿದೆ ಎಂದು ತೋರಿಸಿದ ದಿನ ಅವಳಿಗೆ ಏನು ಹೇಳುತ್ತೀರಿ?

ಯಂತ್ರಕ್ಕೆ ಹೊರಗಿನ ಆಕಾರ ಮಾತ್ರ ಕಾಣುತ್ತದೆ. ಹಳೆಯ ಆನೆಕಾಲಿನಲ್ಲಿ ಇರುವುದು ಬರೀ ನೀರಲ್ಲ. ನಾರುಗಟ್ಟಿದ ಗಟ್ಟಿ ಅಂಗಾಂಶ, ಕೊಬ್ಬು. ಕಾಲ್ಬೆರಳ ಬುಡದ ಚರ್ಮವನ್ನು ಚಿವುಟಿ ಹಿಡಿಯಲು ಬರುತ್ತದೋ ಇಲ್ಲವೋ ನೋಡಿದರೆ ಅನುಭವಿ ನರ್ಸಮ್ಮನಿಗೆ ಅರ್ಧ ಕಥೆ ತಿಳಿಯುತ್ತದೆ. ಇನ್ನು ಮಡಿಕೆಗಳು: ಮುಂದಿನ ಹಂತದ ಕಾಲಿನಲ್ಲಿ ಆಳವಾದ ಮಡಿಕೆಗಳಿರುತ್ತವೆ, ಬೆಳಕು ಒಳಗೆ ಹೋಗುವುದಿಲ್ಲ. ಕೀವಾಗುವುದು, ಸೋಂಕು ನುಗ್ಗುವುದು ಅಲ್ಲಿಂದಲೇ. ಬಿಸಿಲಿನಲ್ಲಿಯೂ ಅವಗೆಂಪು ಇರುವುದರಿಂದ ಅಂಗಳದಲ್ಲಿ ಅಳೆಯಲಾಗುವುದಿಲ್ಲ, ಎರಡು ಮೂಟೆಯಂಥ ಕಾಲುಗಳ ಮುದುಕಿಯನ್ನು ಒಳಗೆ ಕರೆತಂದು ಅಲುಗದಂತೆ ನಿಲ್ಲಿಸಬೇಕು.

ಯಂತ್ರದ ಆಯುಸ್ಸಿನ ಪ್ರಶ್ನೆಯೂ ಇದೆ. ಈ ಸ್ಕ್ಯಾನರಿನಂತೆ ದೂರ ಅಳೆಯುವ ಅಗ್ಗದ ಕ್ಯಾಮೆರಾ ಮನೆಮನೆಗೆ ಬಂದಿದ್ದು 2010ರಲ್ಲಿ, ಮೈಕ್ರೋಸಾಫ್ಟ್‌ನ ಕಿನೆಕ್ಟ್ ಎಂಬ ಆಟದ ಸಾಮಾನಾಗಿ. ವೈದ್ಯಕೀಯ ಸಂಶೋಧಕರೂ ಅದನ್ನು ಬಳಸಿದರು. 2017ರಲ್ಲಿ ಕಂಪನಿ ತಯಾರಿಕೆಯನ್ನೇ ನಿಲ್ಲಿಸಿತು. ಟೇಪು ತಯಾರಿಸುವುದನ್ನು ಯಾರೂ ನಿಲ್ಲಿಸಿಲ್ಲ. ಟೇಪು ಚಾರ್ಜು ಕೇಳುವುದಿಲ್ಲ, ಅಪ್‌ಡೇಟ್ ಕೇಳುವುದಿಲ್ಲ, ಹೆಣ್ಣುಮಗಳ ಕಾಲಿನ ಚಿತ್ರವನ್ನು ಯಾವುದೋ ಸರ್ವರಿಗೆ ಕಳಿಸುವುದೂ ಇಲ್ಲ. ಕೈ ಬದಲಾದರೆ ಅಳತೆ ಬದಲಾಗುತ್ತದೆ ಎಂಬುದು ನಿಜ, ಒಪ್ಪುತ್ತೇನೆ. ಹಾಗಿದ್ದರೆ ಒಂದು ಕಾಲನ್ನು ಒಬ್ಬರೇ, ಒಂದೇ ಹೊತ್ತಿಗೆ ಅಳೆಯಲಿ. ಇದಕ್ಕೆ ಟೆಂಡರ್ ಬೇಕಿಲ್ಲ.

ಅಷ್ಟಕ್ಕೂ ರೋಗಿಯನ್ನು ಹಾಸಿಗೆ ಹಿಡಿಸುವುದು ಲೀಟರ್ ಅಲ್ಲ, ಜ್ವರ. ಕಾಲು ಕೆಂಪೇರಿ, ಕುದಿದಂತಾಗಿ, ಚಳಿಜ್ವರ ಬಂದು ಕೂಲಿ ತಪ್ಪುತ್ತದೆ. ಒಂದೊಂದು ಸಲ ಬಂದು ಹೋದಾಗಲೂ ಊತ ಮತ್ತಷ್ಟು ಗಟ್ಟಿಯಾಗುತ್ತದೆ. ಸೋಪು ನೀರಿನಲ್ಲಿ ದಿನವೂ ತೊಳೆದು ಬೆರಳ ಸಂದು ಒಣಗಿಸಿದರೆ ಈ ಜ್ವರದ ಸರದಿ ಕಡಿಮೆಯಾಗುತ್ತದೆ, ಇದು ಪರೀಕ್ಷಿಸಿ ಕಂಡ ಮಾತು. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ, ಪಟ್ಟಿ ಸುತ್ತುವಿಕೆಗಳನ್ನು ಸೇರಿಸಿ ಕಟ್ಟಿದ ಚಿಕಿತ್ಸೆಯಲ್ಲಿಯೂ ತೊಳೆಯುವುದೇ ಮೊದಲು, ರೋಗಿ ಮನೆಯಲ್ಲಿ ಮಾಡಿಕೊಳ್ಳುವುದೇ ಹೆಚ್ಚು. ಕಳೆದ ವರ್ಷ ಎಷ್ಟು ಸಲ ಜ್ವರ ಬಂತು, ಈ ವರ್ಷ ಎಷ್ಟು ಸಲ ಎಂದು ಆಶಾ ಕಾರ್ಯಕರ್ತೆ ಪುಸ್ತಕದಲ್ಲಿ ಗೀಟು ಹಾಕಿದರೆ, ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಅಳತೆಯಿಲ್ಲ.

ಸಂಶೋಧನಾ ಸಂಸ್ಥೆಗಳು ಹೊಸ ಔಷಧದ ಗುಣ ನೋಡಲು ಸ್ಕ್ಯಾನರ್ ಇಟ್ಟುಕೊಳ್ಳಲಿ, ಅಲ್ಲಿ ಅದು ಸಲ್ಲುತ್ತದೆ. ಆರೋಗ್ಯ ಕೇಂದ್ರಕ್ಕೆ ಕೊಳ್ಳುವ ಕಡತ ಮೇಜಿನ ಮೇಲೆ ಬಂದರೆ, ಸಹಿ ಹಾಕುವ ಅಧಿಕಾರಿ ಮೊದಲು ತಾಲ್ಲೂಕಿನ ಔಷಧ ಉಗ್ರಾಣದ ಬಾಗಿಲು ತೆಗೆಸಿ, ರೋಗಿಗಳಿಗೆ ಹಂಚಬೇಕಾದ ಬೋಗುಣಿ, ಮಗ್ಗು, ಟವೆಲು, ಸೋಪು, ಮುಲಾಮು ಎಷ್ಟಿವೆ ಎಂದು ಒಮ್ಮೆ ಎಣಿಸಲಿ.