ಸಂತರ ಹೆಸರಿನಲ್ಲಿ ರಕ್ತವೇಕೆ?

ಸಂತರ ಸ್ಮರಣೆಯ ದಿನವಿರುವುದು ಅವರ ಗುಣಗಳನ್ನು ಸ್ಮರಿಸುವುದಕ್ಕಾಗಿ. ಆ ಗುಣಕ್ಕೆ ನೇರ ವಿರುದ್ಧವಾದುದನ್ನೇ ಆಚರಿಸಿ ಅದನ್ನು ಭಕ್ತಿಯೆಂದು ಕರೆಯುವ ವೈಪರೀತ್ಯಕ್ಕೆ ಐರ್ಲೆಂಡಿನ ಎರಡು ಹಳೆಯ ಆಚರಣೆಗಳು ನಿದರ್ಶನವಾಗಿವೆ.

4ನೆಯ ಶತಮಾನದ ಸಂತ ಮಾರ್ಟಿನ್ ಸೈನಿಕನಾಗಿದ್ದಾಗ, ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧವನ್ನು ಕೊಟ್ಟನೆಂಬುದು ಪ್ರಸಿದ್ಧ ಕಥೆ. ಅವನ ಹಬ್ಬ ನವೆಂಬರ್ 11. ಅದರ ಹಿಂದಿನ ದಿನ ಐರ್ಲೆಂಡಿನ ಅನೇಕ ಹಳ್ಳಿಗಳಲ್ಲಿ ಹುಂಜವನ್ನೋ ಬಾತನ್ನೋ ಕೊಂದು, ಅದರ ರಕ್ತವನ್ನು ಹೊಸ್ತಿಲಿಗೂ ಮನೆಯ ನಾಲ್ಕು ಮೂಲೆಗಳಿಗೂ ಸಿಂಪಡಿಸುತ್ತಿದ್ದರು. ಹಾಗೆ ಮಾಡಿದರೆ ಮನೆಗೆ ಕೇಡು ತಟ್ಟದೆಂಬ ನಂಬಿಕೆ. ದಾನಕ್ಕಾಗಿ ಕತ್ತಿಯೆತ್ತಿದವನ ಹೆಸರಿನಲ್ಲಿ ಮೂಕಪ್ರಾಣಿಯ ಕೊರಳಿಗೆ ಕತ್ತಿ!

ಡಿಸೆಂಬರ್ 26 ಸಂತ ಸ್ತೆಫನನ ದಿನ. ಕಲ್ಲೇಟಿಗೆ ಸಿಕ್ಕಿ ಸಾಯುವಾಗಲೂ, ಕೊಲ್ಲುವವರ ಪಾಪವನ್ನು ಎಣಿಸಬೇಡವೆಂದು ದೇವರನ್ನು ಪ್ರಾರ್ಥಿಸಿದವನು ಅವನು. ಅವನ ದಿನದಂದು ತರುಣರು ಸುಮಾರು 10 ಗ್ರಾಂ ತೂಗುವ ರೆನ್ ಎಂಬ ಪುಟ್ಟ ಹಕ್ಕಿಯನ್ನು ಅಟ್ಟಿ ಕೊಂದು, ಮುಳ್ಳೆಲೆಯ ಕೊಂಬೆಗೆ ಕಟ್ಟಿ, ಮನೆಮನೆಗೆ ಹೊತ್ತು ಹಣ ಬೇಡುತ್ತಿದ್ದರು. ಅಡಗಿದ್ದ ಸ್ತೆಫನನ ಸುಳಿವನ್ನು ಅದರ ಕೂಗು ವೈರಿಗಳಿಗೆ ಕೊಟ್ಟಿತೆಂಬುದೇ ನೆಪ. ಬೈಬಲಿನಲ್ಲಿ ಇಂತಹ ಕಥೆಯೇ ಇಲ್ಲ. ಕ್ಷಮಿಸಿದವನ ಪರವಾಗಿ ಸೇಡು ತೀರಿಸಲು ಇವರಿಗೆ ಅಧಿಕಾರವಿತ್ತವರಾರು?

ಕೊಲ್ಲುವುದನ್ನು ಬಿಟ್ಟರೆ ಹಬ್ಬವೇ ಅಳಿಯುವುದೆಂದು ಸಂಪ್ರದಾಯವಾದಿಗಳು ಎಲ್ಲೆಡೆಯೂ ಹೇಳುವುದುಂಟು. ಈ ವಾದಕ್ಕೆ ಐರ್ಲೆಂಡೇ ಉತ್ತರ ಕೊಟ್ಟಿದೆ. ಕೆರಿ ಪ್ರಾಂತದ ಡಿಂಗಲ್ ಪಟ್ಟಣದಲ್ಲಿ ಇಂದಿಗೂ ಆ ದಿನ ಹುಲ್ಲಿನ ವೇಷ ತೊಟ್ಟವರು ಕೊಳಲು, ತಮಟೆಗಳೊಡನೆ ಮೆರವಣಿಗೆ ಹೊರಡುತ್ತಾರೆ. ಹಕ್ಕಿಯನ್ನು ಕೊಲ್ಲುವುದಿಲ್ಲ, ಕೃತಕ ಹಕ್ಕಿಯೇ ಸಾಕಾಗಿದೆ. 1976ರ ವನ್ಯಜೀವಿ ಕಾಯಿದೆಯೂ ಕಾಡುಹಕ್ಕಿಗಳಿಗೆ ರಕ್ಷಣೆಯಿತ್ತಿದೆ. ಕೂಡಿದ ಹಣ ಅನೇಕ ವೇಳೆ ಧರ್ಮಕಾರ್ಯಗಳಿಗೆ ಸಲ್ಲುತ್ತದೆ. ಹಬ್ಬವೇನೂ ಅಳಿಯಲಿಲ್ಲ.

ಜನ್ನನ 'ಯಶೋಧರ ಚರಿತೆ'ಯನ್ನು (1209) ಓದಿದವರು ಇಲ್ಲೊಂದು ಪ್ರಶ್ನೆ ಎತ್ತಬಹುದು. ಹಿಟ್ಟಿನ ಹುಂಜವನ್ನು ಬಲಿಯಿತ್ತ ಯಶೋಧರನಿಗೂ ಜನ್ಮಜನ್ಮಾಂತರದ ದುಃಖ ತಪ್ಪಲಿಲ್ಲ. ಹಾಗಿರುವಾಗ ಕೃತಕ ಹಕ್ಕಿ ನಿರ್ದೋಷವೇ? ಯಶೋಧರನ ಕೈಯಲ್ಲಿದ್ದುದು ಹಿಟ್ಟಾದರೂ ಮಾಡಿದ ಸಂಕಲ್ಪ ವಧೆಯದು. ಆ ಸಂಕಲ್ಪವೇ ಹಿಂಸೆ. ಡಿಂಗಲ್ಲಿನ ಮೆರವಣಿಗೆಯಲ್ಲಿ ವಧೆಯ ಸಂಕಲ್ಪವಿಲ್ಲ. ಆದುದರಿಂದ ಎರಡೂ ಒಂದಲ್ಲ.

ಆದರೂ ಒಂದು ಶೇಷ ಉಳಿದಿದೆ. ಹಕ್ಕಿ ದ್ರೋಹಿ, ಅದು ಸಾವಿಗೆ ಅರ್ಹವೆಂಬ ಕಥೆಯನ್ನು ಮಕ್ಕಳಿಗೆ ಹೇಳುತ್ತಿರುವವರೆಗೆ ಆ ಬೇಟೆ ಕೈಯಲ್ಲಿ ನಿಂತಿದ್ದರೂ ಮನಸ್ಸಿನಲ್ಲಿ ನಿಂತಿಲ್ಲ. ಹಕ್ಕಿಯನ್ನು ಬಿಟ್ಟವರು ಕಥೆಯನ್ನೂ ಬಿಡಬೇಕು. ಅದರ ಬದಲು ಸ್ತೆಫನನ ಕ್ಷಮೆಯನ್ನು ಹೇಳಬೇಕು. ಸಂತನ ದಿನವೆಂಬ ಹೆಸರು ಆಗ ಸಾರ್ಥಕವಾಗುವುದು.