ಕೊಳ್ಳಲೊಂದು ಮುಹೂರ್ತ, ಮಾರಲೊಂದು ಮುಹೂರ್ತ

ಪ್ರತಿವರ್ಷವೂ ದೀಪಾವಳಿಯಂದು ಮುಂಬಯಿಯ ಷೇರುಪೇಟೆಯಲ್ಲಿ ಒಂದು ಗಂಟೆಯ ‘ಮುಹೂರ್ತ ವ್ಯಾಪಾರ’ ನಡೆಯುವುದುಂಟು. ಅದು ಮಂಗಳಾಚಾರ, ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಮ್ಯೂಚುಯಲ್ ಫಂಡನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ಸುಮುಹೂರ್ತವೊಂದುಂಟು, ಬುದ್ಧಿವಂತನು ಅದನ್ನು ಮೊದಲೇ ಅರಿಯಬಲ್ಲನು ಎಂಬ ನಂಬಿಕೆ ಅಷ್ಟು ನಿರಪಾಯವಾದುದಲ್ಲ. ಅದನ್ನು ಗಣಿತದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಫಂಡೆಂದರೆ ಅನೇಕರ ಸಣ್ಣ ಮೊತ್ತಗಳನ್ನು ಕೂಡಿಸಿ ಷೇರು ಮೊದಲಾದವುಗಳಲ್ಲಿ ತೊಡಗಿಸುವ ಏರ್ಪಾಡು. ಅದರ ಒಂದೊಂದು ಯೂನಿಟ್ಟಿನ ಬೆಲೆಯನ್ನು ಪೇಟೆ ಮುಚ್ಚಿದ ಮೇಲೆ ದಿನಕ್ಕೊಮ್ಮೆ ಲೆಕ್ಕಹಾಕುತ್ತಾರೆ. ಮಧ್ಯಾಹ್ನ ಹಣ ಕಟ್ಟಿದವನಿಗೆ ತಾನು ಕೊಂಡ ಬೆಲೆ ತಿಳಿಯುವುದು ಆಮೇಲೆಯೇ. ಹೀಗಿರುವಲ್ಲಿ ‘ಬೆಲೆ ನೋಡಿ ಕೊಂಡೆ’ ಎಂಬುದು ಆತ್ಮವಂಚನೆಯಲ್ಲವೇ?

2020ರ ಜನವರಿಯಲ್ಲಿ 42,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು ಸುಮಾರು 26,000ಕ್ಕೆ ಕುಸಿಯಿತು. ಇಳಿದುದು ಶೇಕಡ 38. ಆದರೆ ಮೊದಲಿನ ಮಟ್ಟವನ್ನು ಮುಟ್ಟಲು ಶೇಕಡ 62ರಷ್ಟು ಏರಬೇಕು. ಭಯದಿಂದ ಮಾರಿದವರು ಎಷ್ಟೋ ಮಂದಿ. ಅದೇ ವರ್ಷದ ಕೊನೆಗೆ ಸೂಚ್ಯಂಕವು 47,000ವನ್ನು ದಾಟಿತ್ತು! ಮಾರಿದವನು ಗೆಲ್ಲಬೇಕಾದರೆ ಎರಡು ಸಲ ಸರಿಯಾಗಿ ಊಹಿಸಬೇಕು: ಹೊರಬೀಳುವಾಗ ಒಮ್ಮೆ, ಮರಳಿ ಸೇರುವಾಗ ಇನ್ನೊಮ್ಮೆ. ಒಂದೊಂದು ಊಹೆಯೂ ನಾಣ್ಯ ಚಿಮ್ಮಿದಂತಿದ್ದರೆ, ಎರಡೂ ನಿಜವಾಗುವ ಸಂಭವ ನಾಲ್ಕರಲ್ಲೊಂದು ಮಾತ್ರ.

1900ರಷ್ಟು ಹಿಂದೆಯೇ ಪ್ಯಾರಿಸಿನ ಲೂಯಿ ಬಾಶೆಲಿಯೆ ಎಂಬ ಗಣಿತಜ್ಞರು ಪೇಟೆಯ ಬೆಲೆಗಳ ಚಲನೆಯನ್ನು ಸಂಭವನೀಯತೆಯ ಸೂತ್ರಗಳಿಂದ ವಿವರಿಸಿದರು. ಐದು ವರ್ಷಗಳ ತರುವಾಯ ಐನ್‌ಸ್ಟೈನರು ದ್ರವದಲ್ಲಿ ತೇಲುವ ಕಣಗಳ ತಡಬಡಿಕೆಗೆ ಅನ್ವಯಿಸಿದ ಗಣಿತವೂ ಅದೇ ಬಗೆಯದು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪರು 1975ರಲ್ಲಿ ಲೆಕ್ಕಹಾಕಿ, ಸಮಯ ನೋಡಿ ಒಳಹೊರಗೆ ಓಡಾಡುವವನಿಗೆ ಲಾಭವಾಗಬೇಕಾದರೆ ಅವನ ಊಹೆಯು ನಾಲ್ಕರಲ್ಲಿ ಸುಮಾರು ಮೂರು ಸಲ ನಿಜವಾಗಬೇಕೆಂದು ತೋರಿಸಿದರು.

ಹಾಗಾದರೆ ಮಾಡತಕ್ಕುದೇನು? ತಿಂಗಳಿಗೆ 1,000 ರೂಪಾಯಿಯಂತೆ ತಪ್ಪದೆ ತೊಡಗಿಸುವವನನ್ನು ನೋಡಿ. ಯೂನಿಟ್ಟಿನ ಬೆಲೆ ಕ್ರಮವಾಗಿ 50, 40, 25 ರೂಪಾಯಿಯಾದರೆ ಅವನಿಗೆ 20, 25, 40 ಯೂನಿಟ್ಟುಗಳು ದೊರೆಯುತ್ತವೆ. ಮೂರು ಬೆಲೆಗಳ ಸರಾಸರಿ 38 ರೂಪಾಯಿ 33 ಪೈಸೆ. ಅವನಿಗೆ ಬಿದ್ದುದು 35 ರೂಪಾಯಿ 29 ಪೈಸೆ. ಬೆಲೆ ಇಳಿದಾಗ ಹೆಚ್ಚು ಯೂನಿಟ್ಟುಗಳು ತಾವಾಗಿಯೇ ಕೈಸೇರುವುದೇ ಇದರ ಮರ್ಮ.

ಇದರಿಂದ ಲಾಭ ನಿಶ್ಚಿತವೆಂದು ಹೇಳಲಾಗದು. ಮೂರು ತಿಂಗಳ ಕೊನೆಗೆ ಯೂನಿಟ್ಟಿನ ಬೆಲೆ 25 ರೂಪಾಯಿಯೇ ಆಗಿರುವುದರಿಂದ ಅವನಿಗಿನ್ನೂ ನಷ್ಟವೇ. ಜಪಾನಿನ ನಿಕ್ಕೇ ಸೂಚ್ಯಂಕವು 1989ರ ಡಿಸೆಂಬರಿನಲ್ಲಿ ಏರಿದ ಶಿಖರವನ್ನು ಮತ್ತೆ ದಾಟಿದುದು 2024ರ ಫೆಬ್ರವರಿಯಲ್ಲಿ! ಆದುದರಿಂದ ಬರುವ ವರ್ಷದ ಕಾಲೇಜಿನ ಶುಲ್ಕಕ್ಕೆ ಬೇಕಾದ ಹಣವನ್ನು ಪೇಟೆಯಲ್ಲಿಡುವುದು ತರವಲ್ಲ. ಹಣ ಹಿಂತೆಗೆಯುವ ಕಾಲವನ್ನು ನಮ್ಮ ಅಗತ್ಯವು ನಿರ್ಣಯಿಸಬೇಕು, ಪೇಟೆಯ ಗದ್ದಲವಲ್ಲ. ವಿದ್ಯಾರ್ಥಿಗಳು ನಾಳೆ ಸಂಪಾದಿಸುವವರು. ಭವಿಷ್ಯ ಹೇಳುವವರಿಗೆ ಕಿವಿಗೊಡುವ ಮೊದಲು ಅವರು ಸಂಭವನೀಯತೆಯ ಪಾಠವನ್ನೊಮ್ಮೆ ತಿರುವಿಹಾಕಲಿ.